ಮೆಟ್ಟಿಲ ಬುಡದ ಮರಳು

ಅಂಗಡಿಯವನು ಗೋಡೆಯಿಂದ ಮೂರು ಸಲಿಕೆಗಳನ್ನು ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಸಲಿಕೆ ಅಂದರೆ ಪೂರ್ತಿ ಸಲಿಕೆಯೂ ಅಲ್ಲ. ಅರ್ಧ ಸಲಿಕೆ, ಅರ್ಧ ಜರಡಿ. ಕಡಲ ದಂಡೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಾಣ್ಯ, ಉಂಗುರ ಹುಡುಕುವವರು ಮರಳು ಮೊಗೆದು, ಅಲ್ಲಾಡಿಸಿ, ಉಳಿದದ್ದೇನು ಎಂದು ನೋಡುವುದಕ್ಕೆ ಬಳಸುವಂಥದ್ದು. ಅವಳು ಮೂರನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ಮೊದಲಿನಿಂದ ಇನ್ನೊಮ್ಮೆ ಎತ್ತಿ ನೋಡಿದಳು.

"ಅಷ್ಟರಲ್ಲಿ ತೂಕ ಏನೂ ಬದಲಾಗಲ್ಲ ಅಕ್ಕ," ಎಂದ ಅಂಗಡಿಯವನು.

ಅವಳು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಅವಳನ್ನು ಕರೆಯುವುದೇ ‘ಎರಡ್ಸಲ’ ಎಂದು. ಅಡುಗೆಮನೆಯ ಜರಡಿ, ಸೋಸುವ ಬುಟ್ಟಿ, ಜಾಲರಿ ಸೌಟು ತಯಾರಿಸುವ ಫ್ಯಾಕ್ಟರಿ ಅದು. ಹದಿನಾರು ವರ್ಷದಿಂದ ತೂತು ಹೊಡೆಯುವ ಪ್ರೆಸ್ಸಿನ ಮುಂದೆ ನಿಂತವಳು. ಪ್ರತಿ ತಟ್ಟೆಯ ಅಳತೆಯನ್ನು ಎರಡು ಸಲ ಹಿಡಿಯುತ್ತಾಳೆ. ದೀಪ ಆರಿಸಿ ಬಂದವಳು ಆರಿದೆಯೋ ಇಲ್ಲವೋ ಎಂದು ವಾಪಸು ಹೋಗುತ್ತಾಳೆ. "ಏ ಎರಡ್ಸಲ, ಮದುವೆನೂ ಎರಡ್ಸಲ ಆಗ್ತೀಯೇನೇ?" ಎಂದು ಮೇಸ್ತ್ರಿ ಕೆಣಕಿದರೆ, "ಮೊದಲನೇದೇ ಇನ್ನೂ ಬಾಕಿ ಇದೆ ಮೇಸ್ತ್ರಿ" ಎಂದು ಅವಳೂ ಬಿಡುವುದಿಲ್ಲ.

ಇಂಥವಳು ಹಿಂದೆಮುಂದೆ ನೋಡದೆ ಮಾಡಿದ ಕೆಲಸ ಒಂದೇ ಒಂದು. ಅದನ್ನು ಸರಿಮಾಡುವುದಕ್ಕೇ ಈಗ ಸಲಿಕೆ ಬೇಕಾಗಿತ್ತು.

ಮೂರು ವರ್ಷದ ಹಿಂದೆ ಅವಳ ಅಣ್ಣ ಐಸ್ ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿ, ಎಂದಿನಂತೆ ಈಜುವುದಕ್ಕೆಂದು ಕಡಲಿಗೆ ಹೋದವನು ಮನೆಗೆ ಬರಲಿಲ್ಲ. ದಂಡೆಗೆ ಇಳಿಯುವ ಕಾಂಕ್ರೀಟ್ ಮೆಟ್ಟಿಲುಗಳ ಬುಡದಲ್ಲಿ ಅವನ ಬಟ್ಟೆ ಮಡಿಸಿದ ಹಾಗೇ ಇತ್ತು, ಪಕ್ಕದಲ್ಲಿ ಚಪ್ಪಲಿ. ಮೊದಲು ಓಡಿಹೋದವಳು ತಂಗಿಯೇ. ಅಂಗಿ, ಪ್ಯಾಂಟು ಎತ್ತಿಕೊಂಡಳು. ಮರಳು ಹತ್ತಿತ್ತು. ತಂತಿಯಿಂದ ಒಣಗಿದ ಬಟ್ಟೆ ತೆಗೆಯುವಾಗ ಮಾಡುವಂತೆ ಎರಡು ಕೈಯಲ್ಲಿ ಹಿಡಿದು ಪಟಪಟನೆ ಝಾಡಿಸಿದಳು. ಕೈ ತನ್ನ ಪಾಡಿಗೆ ತಾನು ಮಾಡಿದ ಕೆಲಸ; ಮನಸ್ಸು ನೀರಿನ ಕಡೆಗಿತ್ತು. ಆಮೇಲೆ ಠಾಣೆಯಲ್ಲಿ ಜೇಬು ನೋಡಿದರೆ ಒಂದು ಕರವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ. ಅಣ್ಣ ಹಿಂದಿನ ಜೇಬಿನಲ್ಲಿ ಬಿಡಿಯಾಗಿ ಇಟ್ಟುಕೊಳ್ಳುತ್ತಿದ್ದ ಮನೆಯ ಕೀ ಇರಲಿಲ್ಲ.

"ಜೇಬಿಂದ ಏನಾದ್ರೂ ತೆಗೆದ್ರಾ?" ಎಂದು ಠಾಣೆಯವರು ಕೇಳಿದರು.

"ಇಲ್ಲ," ಎಂದಳು. ಅದು ಸುಳ್ಳಲ್ಲ. ನಿಜವೂ ಅಲ್ಲ. ಝಾಡಿಸಿದೆ ಎಂದು ಹೇಳಬೇಕಿತ್ತು ಎಂದು ಹೊಳೆಯುವ ಹೊತ್ತಿಗೆ ಅತ್ತಿಗೆ ಆ ಖಾಲಿ ಜೇಬನ್ನೇ ಆಧಾರ ಮಾಡಿಕೊಂಡು ಎದ್ದು ಕೂತಿದ್ದರು.

"ಕೀ ತಗೊಂಡು ಹೋಗಿದ್ದಾರೆ," ಎಂದಿದ್ದರು ಅತ್ತಿಗೆ. "ಈಜೋಕೆ ಇಳಿಯೋರು ಕೀ ಹಿಡ್ಕೊಂಡು ನೀರಿಗಿಳೀತಾರಾ? ಎಲ್ಲಿಗೋ ಹೋಗಿದ್ದಾರೆ. ವಾಪಸ್ ಬರೋರು ತಾನೇ ಕೀ ತಗೊಂಡು ಹೋಗೋದು?"

ಹೆಣ ಸಿಗಲಿಲ್ಲ. ಕಾಗದಪತ್ರದಲ್ಲಿ ಅಣ್ಣ ‘ಕಾಣೆಯಾದವರು’ ಎಂದೇ ಉಳಿದ. ಅತ್ತಿಗೆಯನ್ನು ಒಂಟಿಯಾಗಿ ಬಿಡಬಾರದೆಂದು ಅವಳು ಬಂದು ಅದೇ ಮನೆಯಲ್ಲಿ ಸೇರಿಕೊಂಡಳು. ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ ಕೂತರು. ಅಣ್ಣ ಮನೆಗೆ ಬರುತ್ತಿದ್ದುದು ನಾಲ್ಕು ಗಂಟೆಗೆ. ಈ ಮೂರು ವರ್ಷದಲ್ಲಿ ಒಂದು ದಿನವೂ ನಾಲ್ಕು ಗಂಟೆಗೆ ಅತ್ತಿಗೆ ಮನೆ ಬಿಟ್ಟು ಹೋದದ್ದಿಲ್ಲ. ಸ್ವಂತ ತಂಗಿ ಆಸ್ಪತ್ರೆಯಲ್ಲಿ ಮಲಗಿದಾಗಲೂ ಹೋಗಲಿಲ್ಲ. "ಬೀಗ ಬದಲಾಯಿಸಿ, ಇಬ್ಬರೇ ಹೆಂಗಸರು ಇದ್ದೀರಿ," ಎಂದು ಮಹಡಿ ಮೇಲಿನ ಟೀಚರ್ ಹೇಳಿದರೆ, ಅತ್ತಿಗೆ ಬೀಗಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು ಸುಮ್ಮನಾಗುತ್ತಿದ್ದರು.

ಮತ್ತೆ ಆ ಸದ್ದು. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನಾಲ್ಕು ಗಂಟೆಗೆ ಬಾಗಿಲಿಗೇ ಕೂಡಿಸಿದ ಬೀಗದೊಳಗೆ ಹೊರಗಿನಿಂದ ಕೀ ತಿರುಗುವ ಸದ್ದು. ಟಕ್. ಒಂದು ಉಸಿರು ಬಿಟ್ಟು ಮತ್ತೊಮ್ಮೆ ಟಕ್. ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಮನೆಯಲ್ಲಿರುವ ದಿನ ಅವಳು ಒಳಗಿನ ಕೋಣೆಯಲ್ಲಿ ಕೂತು ಅದನ್ನು ಕೇಳುತ್ತಿದ್ದಳು. ಅತ್ತಿಗೆಯ ಮೆಷಿನ್ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ತನ್ನ ಹಾಳು ಮನಸ್ಸಿಗೆ ಮಾತ್ರ ಕೇಳಿಸುತ್ತಿದೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಕೀ ಆ ಮರಳಿನಲ್ಲಿದ್ದರೆ ಅಣ್ಣ ಅದನ್ನು ಒಯ್ದಿರಲಿಲ್ಲ. ಒಯ್ದಿರದಿದ್ದರೆ ಅತ್ತಿಗೆ ಇಷ್ಟು ದಿನ ಕಾದದ್ದು ಯಾರನ್ನೂ ಅಲ್ಲ. ಕಾಯುವ ಹಾಗೆ ಮಾಡಿದವಳು ತಾನು.

"ಯಾವುದು ತಗೋತೀಯ ಮಗಳೇ?" ಎಂದರು ಪಕ್ಕದಲ್ಲಿ ನಿಂತಿದ್ದ ತಾತ. ಭಾನುವಾರಗಳಲ್ಲಿ ಡಿಟೆಕ್ಟರ್ ಹಿಡಿದು ದಂಡೆ ಅಳೆಯುತ್ತಿದ್ದ, ನಿವೃತ್ತರಾದ ಅಂಚೆಯವರು. ಕಿವಿಗೆ ಹೆಡ್‌ಫೋನ್ ಹಾಕಿ ಹಾಕಿ ಕೂದಲಲ್ಲಿ ಗೆರೆ ಬಿದ್ದಿತ್ತು. ಕೀ ಬಿದ್ದ ಜಾಗ ಎಂದು ಅವಳು ಮೆಟ್ಟಿಲ ಬುಡ ತೋರಿಸಿದಾಗ ಅವರು ಅಲ್ಲಿ ಡಿಟೆಕ್ಟರ್ ಇಟ್ಟು ನೋಡಿದ್ದರು. ಅದು ಒಂದೇ ಸಮನೆ ಕಿರುಚಿತ್ತು. "ಕಾಂಕ್ರೀಟೊಳಗಿನ ಕಂಬಿ ಕೂಗ್ತಿದೆ. ಅದಕ್ಕೇ ನಾವ್ಯಾರೂ ಇಲ್ಲಿ ಹುಡುಕಲ್ಲ. ಬಿದ್ದಿದ್ರೆ ಬಿದ್ದಲ್ಲೇ ಇರುತ್ತೆ. ಆದ್ರೆ ಮೆಷಿನ್ ಹೇಳಲ್ಲ, ಮೊಗೆದು ಮೊಗೆದು ಸೋಸಬೇಕು," ಎಂದಿದ್ದರು.

ಮೊದಲನೆಯದು ಪ್ಲಾಸ್ಟಿಕ್ಕಿನದು, ಹಗುರ, ತಳದಲ್ಲಿ ಉದ್ದುದ್ದ ಸೀಳು. "ಇದು ಬೇಡ," ಎಂದರು ತಾತ. "ಕೀ ಅಡ್ಡಡ್ಡ ತಿರುಗಿದ್ರೆ ಪೆಟ್ಟಿಗೆಗೆ ಕಾಗದ ಹಾಕಿದಂಗೆ ಜಾರುತ್ತೆ. ನಲವತ್ತು ವರ್ಷ ಅದೇ ನೋಡಿದ್ದೀನಿ." ಎರಡನೆಯದು ಸ್ಟೀಲು, ದೊಡ್ಡ ಗುಂಡು ತೂತು. ಮೂರನೆಯದೂ ಸ್ಟೀಲೇ, ಆದರೆ ತೂತು ಐದು ಮಿಲಿಮೀಟರಿನವು, ಒಣ ಮರಳಿಗೆಂದು ಮಾಡಿದ್ದು. ದೊಡ್ಡ ತೂತಿನೊಳಗೆ ಅವಳು ಬೆರಳು ತೂರಿಸಿ ನೋಡಿದಳು. ಅದರಲ್ಲಿ ಏನೇನು ಜಾರಿಹೋಗಬಹುದೋ.

"ಐದರದ್ದು," ಎಂದಳು.

"ಕೆಳಗಡೆ ಮರಳು ಹಸಿ ಇರುತ್ತಮ್ಮ. ಇಳಿಯಲ್ಲ."

"ಇಳೀದೇ ಇದ್ರೆ ಪರವಾಗಿಲ್ಲ ತಾತ. ಕೀ ಇಳೀಬಾರದು ಅಷ್ಟೇ."

ತಾತ ಅಂಗಡಿಯವನ ಕಡೆ ನೋಡಿ ಹುಬ್ಬು ಹಾರಿಸಿದರು.

ಹಿಡಿ ಗಿಡ್ಡವಾಗಿತ್ತು. ನೆಲ ಒರೆಸುವ ಕೋಲೊಂದನ್ನು ಕೊಯ್ದು, ಹೆಗಲೆತ್ತರ ಬರುವಂತೆ ಕೂಡಿಸಿ, ಎರಡು ಬೋಲ್ಟು ಹಾಕಿ ಬಿಗಿದಳು. ಮುಂದಿನ ಅಂಚನ್ನು ಅರದಿಂದ ಉಜ್ಜಿ ಚೂಪು ಮಾಡಿದಳು. ಅತ್ತಿಗೆಗೆ ಫ್ಯಾಕ್ಟರಿಯ ಕೆಲಸ ಎಂದಳು. ಅತ್ತಿಗೆ ಕೇಳಲಿಲ್ಲ, ಅವರು ಏನನ್ನೂ ಕೇಳುವುದನ್ನು ಬಿಟ್ಟು ತುಂಬಾ ದಿನವಾಗಿತ್ತು.

ಭಾನುವಾರ ಬೆಳಿಗ್ಗೆ ದಂಡೆಯಲ್ಲಿ ಜನ ಇರಲಿಲ್ಲ. ಮೇಲಿನ ಒಂದು ಗೇಣು ಮರಳು ಒಣಗಿತ್ತು, ಸಲೀಸಾಗಿ ಇಳಿಯಿತು. ಅದರ ಕೆಳಗೆ ಕಪ್ಪಾಗಿ, ಹಸಿಯಾಗಿ, ಚಿಪ್ಪಿನ ಚೂರು ಬೆರೆತ ಮರಳು. ಸಲಿಕೆ ತುಂಬಿತು, ತುಂಬಿದ್ದು ಖಾಲಿಯಾಗಲಿಲ್ಲ. ಅಲ್ಲಾಡಿಸಿದಳು, ಕುಟ್ಟಿದಳು, ಬೆರಳು ಹಾಕಿ ಕೆದಕಿದಳು. ತೂತೆಲ್ಲ ಹಿಟ್ಟು ಮೆತ್ತಿದಂತೆ ಮುಚ್ಚಿಹೋಗಿತ್ತು. ಬಕೆಟಿನಲ್ಲಿ ನೀರು ತಂದು ಸುರಿದು ಒಂದೊಂದು ಸಲಿಕೆ ಸೋಸುವಷ್ಟರಲ್ಲಿ ಬೆವರು ಕಿತ್ತುಬಂತು.

ಬಗ್ಗಿದ್ದಾಗಲೆಲ್ಲ ಒಂದು ಭಾವನೆ. ಮೂರನೇ ಮೆಟ್ಟಿಲಲ್ಲಿ ಯಾರೋ ಕೂತಿದ್ದಾರೆ, ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಕೆಲಸ ಸರಿಯಾಗಿ ಮಾಡುತ್ತಿದ್ದಾಳೋ ಇಲ್ಲವೋ ಎಂದು ನೋಡುವ ಹಾಗೆ. ತಲೆ ಎತ್ತಿದರೆ ಮೆಟ್ಟಿಲು ಖಾಲಿ. ಕಾಂಕ್ರೀಟಿನ ಮೇಲೆ ಕೈ ಇಟ್ಟು ನೋಡಿದಳು. ಬಿಸಿಲಿಗೆ ಮೊದಲೆರಡು ಮೆಟ್ಟಿಲು ಕಾದಿದ್ದವು. ಮೂರನೆಯದು ತಣ್ಣಗಿತ್ತು. ನೆರಳು ಬಿದ್ದಿರಬೇಕು ಎಂದುಕೊಂಡಳು. ನೆರಳು ಯಾವುದರದ್ದು ಎಂದು ಹುಡುಕಲು ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಮೊಳದಷ್ಟು ಜಾಗ ಮುಗಿದಿತ್ತು. ತಾತ ಬಂದು ಹೊಂಡ ನೋಡಿದರು, ಸಲಿಕೆ ನೋಡಿದರು, ಅವಳ ಮುಖ ನೋಡಿದರು.

"ಹೀಗೇ ಆದ್ರೆ ನನ್ನ ವಯಸ್ಸಾಗುತ್ತೆ ನಿಂಗೆ ಮುಗಿಸೋಷ್ಟರಲ್ಲಿ. ಎಲ್ಲಾನೂ ಹಿಡ್ಕೊಳ್ಳೋದು ಜರಡಿ ಅಲ್ಲ ತಾಯಿ, ಬಕೆಟ್ಟು. ಜರಡಿ ಮಾಡೋಳಿಗೆ ನಾನು ಹೇಳ್ಬೇಕಾ?"

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಫ್ಯಾಕ್ಟರಿಗೆ ಹೊಸದಾಗಿ ಬಂದವರಿಗೆ ಅವಳೇ ಕಲಿಸುವ ಮೊದಲ ಪಾಠ ಅದು: ಮೊದಲು ಉಳಿಯಬೇಕಾದ್ದರ ಅಳತೆ ತಗೋ, ಆಮೇಲೆ ತೂತು ಹೊಡಿ. ಹೆದರಿಕೆಯಲ್ಲಿ ಅಳತೆಯನ್ನೇ ತೆಗೆದುಕೊಳ್ಳದೆ ಹೊರಟಿದ್ದಳು. ಅಳತೆ ಬೇಕೆಂದರೆ ಕೀ ಬೇಕು. ಆ ಬೀಗಕ್ಕೆ ಇದ್ದದ್ದು ಎರಡೇ ಕೀ. ಒಂದು ಮರಳಿನಲ್ಲೋ, ಅಣ್ಣನ ಕೈಯಲ್ಲೋ. ಇನ್ನೊಂದು ದಾರಕ್ಕೆ ಕಟ್ಟಿ ಅತ್ತಿಗೆಯ ಕೊರಳಲ್ಲಿ.

ಮಾರನೆಯ ದಿನ ಬೆಳಗಿನ ಪಾಳಿ ಮುಗಿಸಿ ಬಂದು, ಮುಖ ತೊಳೆದು, ಮೆಷಿನ್ ಪಕ್ಕದ ಸ್ಟೂಲಿನಲ್ಲಿ ಕೂತಳು.

"ಅತ್ತಿಗೆ, ನಿಮ್ಮ ಕೀ ಒಂದಿನಕ್ಕೆ ಬೇಕಿತ್ತು."

ಅತ್ತಿಗೆಯ ಕಾಲು ಪೆಡಲಿನ ಮೇಲೆ ನಿಂತಿತು. "ಯಾಕೆ?"

"ಅಳತೆಗೆ."

"ಯಾತರ ಅಳತೆ? ಬೀಗ ಬದಲಾಯಿಸ್ತೀಯಾ? ಆ ಟೀಚರ್ ಕಿವಿ ಚುಚ್ಚಿದ್ರಾ?"

"ಇಲ್ಲ ಅತ್ತಿಗೆ. ಸಲಿಕೆಗೆ ತೂತು ಹೊಡೀಬೇಕು. ಮರಳಲ್ಲಿ ಹುಡುಕ್ತಿದ್ದೀನಿ."

"ಏನು ಹುಡುಕ್ತಿದ್ದೀಯ?"

ಅವಳು ತನ್ನ ಅಂಗೈ ನೋಡಿಕೊಂಡಳು. ಹೇಳುವುದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಟ್ಟಿದ್ದಳು. ಬಾಯಿಗೆ ಬಂದಾಗ ಒಂದೂ ಸಾಲಾಗಿ ಬರಲಿಲ್ಲ. "ಅವತ್ತು ನಾನು... ಬಟ್ಟೆ ಎತ್ಕೊಂಡಾಗ ಝಾಡಿಸಿದೆ ಅತ್ತಿಗೆ. ಮರಳಾಗಿತ್ತು ಅಂತ. ಜೇಬು ನೋಡಿರಲಿಲ್ಲ. ಪ್ಯಾಂಟು ತಲೆಕೆಳಗಾಗಿತ್ತು. ಕೀ ಆಗ ಬಿದ್ದಿರಬಹುದು. ಬಿದ್ದಿಲ್ಲದೇನೂ ಇರಬಹುದು. ನಂಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ."

ಅತ್ತಿಗೆ ಮೆಷಿನ್ನಿನಿಂದ ಬಟ್ಟೆ ಬಿಡಿಸಿದರು, ಮಡಿಸಿದರು, ಮತ್ತೆ ಬಿಡಿಸಿದರು.

"ಮೂರು ವರ್ಷ ನನ್ನ ಮುಂದೇನೇ ಉಂಡ್ಕೊಂಡು ತಿಂದ್ಕೊಂಡು ಇದ್ದೆ," ಎಂದರು ಕೊನೆಗೆ. "ನಾಲಿಗೆಗೆ ಬೀಗ ಹಾಕ್ಕೊಂಡು."

"ಹೌದು."

"ಹೌದಂತೆ! ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡು, ಹೌದು ಅಂತ. ಈಗ ಯಾಕೆ ಹುಡುಕ್ತೀಯೇ? ಸಿಕ್ಕಿದ್ರೆ ಅವರು ಸತ್ತಂಗೆ, ಅಲ್ವಾ? ನಿಮ್ಮಣ್ಣನ್ನ ನೀನೇ..."

ಟಕ್.

ಅತ್ತಿಗೆಯ ಮಾತು ಅರ್ಧಕ್ಕೆ ನಿಂತಿತು. ಗಡಿಯಾರದಲ್ಲಿ ನಾಲ್ಕು. ಬೀಗದ ಹಿತ್ತಾಳೆಯ ತೂತಿನಲ್ಲಿ ಹೊರಗಿನ ಬೆಳಕು ಒಂದು ಕ್ಷಣ ಮುಚ್ಚಿ, ಮತ್ತೆ ಕಂಡಿತು.

ಟಕ್.

ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು. ಒಬ್ಬರು ನೋಡುವುದನ್ನು ಇನ್ನೊಬ್ಬರು ಕಂಡದ್ದು ಅದೇ ಮೊದಲು.

"ನಿಂಗೂ ಕೇಳ್ಸುತ್ತಾ?" ಎಂದರು ಅತ್ತಿಗೆ.

"ಕೇಳ್ಸುತ್ತೆ."

"ಯಾವಾಗಿಂದ?"

"ಮೊದಲನೇ ದಿನದಿಂದ."

ಅತ್ತಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಬರ್ತಾರೆ, ತಿರುಗಿಸ್ತಾರೆ, ಒಳಗೆ ಬರಲ್ಲ. ನಾನು ಹೋಗಿ ತೆಗೆದ್ರೆ ಯಾರೂ ಇರಲ್ಲ. ಎಣ್ಣೆ ಬಿಟ್ಟೆ. ಬೀಗ ಬಿಗಿ ಇದೆಯೇನೋ, ಅದಕ್ಕೇ ಆಗ್ತಿಲ್ವೇನೋ ಅಂತ." ಕೊರಳಿನ ದಾರ ತೆಗೆದು ಅವಳ ಅಂಗೈಗೆ ಹಾಕಿದರು. ಕೀ ಮೈಯ ಕಾವಿಗೆ ಬೆಚ್ಚಗಿತ್ತು. "ತಗೋ. ಏನಿದ್ರೂ ತಿಳ್ಕೊಂಡೇ ಬಿಡೋಣ. ಇನ್ನು ನನ್ನ ಕೈಲಿ ಆಗಲ್ಲ ಕಣೇ."

ಮರುದಿನ ಫ್ಯಾಕ್ಟರಿಯಲ್ಲಿ, ಊಟದ ಬಿಡುವಿನಲ್ಲಿ ಮೇಸ್ತ್ರಿಯ ಮೇಜಿನ ಮೇಲೆ ಕೀ ಇಟ್ಟು ಅಳೆದಳು. ದುಂಡು ತಲೆ ಇಪ್ಪತ್ತನಾಲ್ಕು ಮಿಲಿಮೀಟರ್ ಅಗಲ. ಹಲ್ಲಿರುವ ಕಡ್ಡಿ ಒಂಬತ್ತು. ತೂತು ಹನ್ನೆರಡು ಮಾಡಿದರೆ ಕಡ್ಡಿ ಕೆಳಗಿಳಿದರೂ ತಲೆ ಸಿಕ್ಕಿಕೊಂಡು ನಿಲ್ಲುತ್ತದೆ. ಎಲ್ಲ ತೂತನ್ನೂ ಹಿಗ್ಗಿಸಿದರೆ ನಡುವಿನ ತಗಡು ಹರಿದುಹೋಗುತ್ತದೆ. ಅದಕ್ಕೆ ಒಂದು ಬಿಟ್ಟು ಒಂದು. ಸಲಿಕೆಯ ತಳ ಬಾಗಿದ್ದರಿಂದ ಪ್ರೆಸ್ಸಿಗೆ ಕೂರುತ್ತಿರಲಿಲ್ಲ. ಒಳಗೆ ಮರದ ತುಂಡು ಕೊಟ್ಟು, ಕೈ ಡ್ರಿಲ್ಲಿನಿಂದ ಒಂದೊಂದೇ ಕೊರೆದಳು. ಕೊರೆದ ಅಂಚಿನ ಮುಳ್ಳನ್ನು ಅರದಿಂದ ತೆಗೆದಳು. ಇಲ್ಲದಿದ್ದರೆ ಮರಳು ಅದಕ್ಕೇ ಹಿಡಿದುಕೊಳ್ಳುತ್ತದೆ.

"ಯಾವ ಮನೆ ಜರಡಿನೇ ಇದು? ರಾಕ್ಷಸರು ಹಿಟ್ಟು ಸೋಸ್ತಾರಾ?" ಎಂದ ಮೇಸ್ತ್ರಿ. ಅವಳು ನಗದಿದ್ದಾಗ ಸುಮ್ಮನೆ ಬಂದು ಸಲಿಕೆಯ ಇನ್ನೊಂದು ತುದಿ ಒತ್ತಿ ಹಿಡಿದುಕೊಂಡ.

ಕೀಯನ್ನು ಸಲಿಕೆಯೊಳಗೆ ಹಾಕಿ ನೂರು ಸಲ ಅಲ್ಲಾಡಿಸಿದಳು. ಬೀಳಲಿಲ್ಲ. ಇನ್ನೂ ನೂರು ಸಲ ಅಲ್ಲಾಡಿಸಿದಳು.

ಮುಂದಿನ ಭಾನುವಾರ ಅತ್ತಿಗೆಯೂ ಬಂದರು. ಮನೆಯ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಏನೋ ಹೇಳುವಂತೆ ಬಾಗಿಲ ಮೇಲೆ ಒಂದು ಕ್ಷಣ ಕೈ ಇಟ್ಟಿದ್ದರು. ಮೂರು ವರ್ಷದಲ್ಲಿ ಅವರು ದಂಡೆಯ ಕಡೆ ಕಾಲಿಟ್ಟಿರಲಿಲ್ಲ. ಮೆಟ್ಟಿಲಿಳಿಯುವಾಗ ಮೂರನೆಯದರ ಹತ್ತಿರ ನಿಂತು, ಅದನ್ನು ತುಳಿಯದೆ ದಾಟಿದರು.

ಈಗ ಸಲಿಕೆ ಉಸಿರಾಡುತ್ತಿತ್ತು. ಹಸಿ ಮರಳು ಎರಡು ಅಲ್ಲಾಟಕ್ಕೆ ದಡದಡನೆ ಇಳಿಯುತ್ತಿತ್ತು. ಉಳಿಯುತ್ತಿದ್ದುದು ದೊಡ್ಡ ಚಿಪ್ಪು, ಕಲ್ಲು, ಬಾಟಲಿಯ ಮುಚ್ಚಳ, ಒಂದು ಮಕ್ಕಳ ಆಟದ ಚಕ್ರ. ಅವಳು ಮೊಗೆದಳು, ಅತ್ತಿಗೆ ಉಳಿದದ್ದನ್ನು ಆರಿಸಿದರು. ಎರಡು ಗಂಟೆಯಲ್ಲಿ ಮೆಟ್ಟಿಲ ಒಂದು ಬದಿ ಪೂರ್ತಿ ಮುಗಿಯಿತು. ಸಿಗಲಿಲ್ಲ. ಸಿಗದಿದ್ದರೆ ಒಳ್ಳೆಯದು ಎಂದು ಒಂದು ಮನಸ್ಸು, ಸಿಗಲಪ್ಪ ಎಂದು ಇನ್ನೊಂದು. ಗಾಳಿ ಆ ದಿನ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ನೆನಪು ಮಾಡಿಕೊಂಡಳು. ಮರಳು ತನ್ನ ಕಣ್ಣಿಗೆ ಬೀಳದಿರಲೆಂದು ಆಗ ಮೆಟ್ಟಿಲ ಪಕ್ಕದ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಹೌದು, ಗೋಡೆಯ ಕಡೆ.

ಗೋಡೆಯ ಬುಡದಲ್ಲಿ ಆರನೇ ಸಲಿಕೆ. ಎತ್ತಿ ಅಲ್ಲಾಡಿಸಿದಳು. ಕೆಳಗೆ ಕೂತಿದ್ದ ಅತ್ತಿಗೆ ಸಟ್ಟನೆ ಕೈ ಎತ್ತಿ ಸಲಿಕೆಯ ತಳ ಹಿಡಿದರು.

"ನಿಲ್ಲು."

ಒಂದು ತೂತಿನಿಂದ ಹಸಿರುಗಟ್ಟಿದ ಕಡ್ಡಿ ಕೆಳಕ್ಕೆ ಇಣುಕುತ್ತಿತ್ತು. ನಾಲ್ಕು ಹಲ್ಲು. ತಲೆ ಮೇಲೆ ಸಿಕ್ಕಿಕೊಂಡಿತ್ತು.

ಅತ್ತಿಗೆ ಅದನ್ನು ತೆಗೆದು, ಸೆರಗಿಗೆ ಒರೆಸಿ, ಕೊರಳಿನ ಕೀಗೆ ಹಲ್ಲಿಗೆ ಹಲ್ಲು ತಾಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳು ಹೇಗಾದರೂ ತಡೆದುಕೊಳ್ಳುತ್ತಿದ್ದಳು.

"ಇಲ್ಲೇ ಇತ್ತು," ಎಂದರು ಅಷ್ಟೇ. "ಬಸ್ಸಲ್ಲಿ ಹತ್ತು ನಿಮಿಷ. ಇಲ್ಲೇ ಇತ್ತು."

ಮೂರೂವರೆಗೆ ಮನೆಯಲ್ಲಿದ್ದರು. ಮಣ್ಣು ಕೈಯಲ್ಲೇ ಅತ್ತಿಗೆ ಆ ಕೀಯನ್ನು ಮೇಜಿನ ನಡುವೆ ಇಟ್ಟರು. ಯಾರೂ ಟೀ ಮಾಡಲು ಏಳಲಿಲ್ಲ. ಗಡಿಯಾರದ ಮುಳ್ಳು ನಾಲ್ಕಕ್ಕೆ ಬಂತು.

ಬೀಗ ಸದ್ದು ಮಾಡಲಿಲ್ಲ.

ಅತ್ತಿಗೆ ಕಣ್ಣು ಮುಚ್ಚಿದರು. ಹೊರಗೆ ಒಂದು ಸೈಕಲ್ ಹೋಯಿತು. ಅದರ ಬೆಲ್ಲಿನ ಸದ್ದು ದೂರವಾದ ಮೇಲೆ ಯಾರೋ ಬಾಗಿಲು ತಟ್ಟಿದರು.

ಜೋರಾಗಿ ಅಲ್ಲ. ಬೆರಳ ಗೆಣ್ಣಿನಿಂದ ಮೂರು ಸಲ, ಒಳಗಿನವರಿಗೆ ತೊಂದರೆ ಕೊಡಲು ಮನಸ್ಸಿಲ್ಲದವರ ಹಾಗೆ.

"ಈಗ ಅವರ ಹತ್ರ ಕೀ ಇಲ್ಲ," ಎಂದು ಅತ್ತಿಗೆ ಪಿಸುಗುಟ್ಟಿದರು. ಅವರ ಮುಖ ಮೇಜಿನ ಮೇಲಿದ್ದ ಕೀ ಕಡೆಗೇ ಇತ್ತು. "ನಾವು ತಂದುಬಿಟ್ವಲ್ಲ."

ಮತ್ತೆ ಮೂರು ಸಲ.

ಅತ್ತಿಗೆ ಎದ್ದು ಎರಡು ಹೆಜ್ಜೆ ಹೋದರು. ಚಿಲಕದ ಕಡೆ ಚಾಚಿದ ಕೈ ಅಲ್ಲೇ ನಿಂತಿತು. "ತೆಗೆದ್ರೆ ಒಳಗೆ ಕರೀತೀನಿ ಕಣೇ. ಹೋಗು ಅನ್ನೋಕೆ ನನ್ನ ಕೈಲಿ ಆಗಲ್ಲ. ಅವರಿಗೆ ಗೊತ್ತಿಲ್ಲ ಅನ್ಸುತ್ತೆ. ಯಾರೂ ಹೇಳೇ ಇಲ್ಲ ಅವರಿಗೆ. ನಾನು ಬಿಡಲೇ ಇಲ್ಲ." ನಾದಿನಿಯ ಕಡೆ ತಿರುಗಿದರು. "ನೀನು ಹೇಳು."

ಅವಳು ಬಾಗಿಲ ಹತ್ತಿರ ಹೋಗಿ ಹಲಗೆಗೆ ಅಂಗೈ ಇಟ್ಟಳು. ಐಸ್ ಫ್ಯಾಕ್ಟರಿಯಿಂದ ಆಗತಾನೇ ಬಂದ ಅಣ್ಣನ ಕೈ ಹೀಗೇ ಇರುತ್ತಿತ್ತು, ಮುಟ್ಟಿದರೆ ಸುಡುವಷ್ಟು ತಣ್ಣಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇಕೆಂದೇ ಕತ್ತಿನ ಹಿಂದೆ ತಂದಿಟ್ಟು ಹೆದರಿಸುತ್ತಿದ್ದ.

"ಅಣ್ಣ," ಎಂದಳು.

ತಟ್ಟುವುದು ನಿಂತಿತು. ಆಚೆ ಯಾರೋ ಕೇಳಿಸಿಕೊಳ್ಳುತ್ತಿದ್ದರು.

"ನೀನು ಅವತ್ತು ಈಜೋಕೆ ಹೋದೋನು ವಾಪಸ್ ಬರಲಿಲ್ಲ ಅಣ್ಣ. ನೀರಲ್ಲೇ ಹೋದೆ. ಮೂರು ವರ್ಷ ಆಯ್ತು. ಕೀ ನಿನ್ನ ಹತ್ರ ಇರಲಿಲ್ಲ, ನಾನು ಮರಳಲ್ಲಿ ಬೀಳಿಸಿದ್ದೆ. ತಪ್ಪು ನಂದು. ಅತ್ತಿಗೆನ ನಾನು ನೋಡ್ಕೋತೀನಿ. ನೀನಿನ್ನು ಇಲ್ಲಿಗೆ ಬರಬೇಡ ಅಣ್ಣ. ದಾರಿ ಇದಲ್ಲ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಗೈ ಕೆಳಗೆ ಹಲಗೆ ನಿಧಾನವಾಗಿ ಬಿಸಿಯಾಗತೊಡಗಿತು; ಆ ಹೊತ್ತಿಗೆ ಬಾಗಿಲ ಮೇಲೆ ಬೀಳುವ ಪಡುವಣದ ಬಿಸಿಲು ನಡುವೆ ತಡೆ ಇಲ್ಲದೆ ಬಿದ್ದಂತೆ.

ಅವಳ ಬೆನ್ನ ಹಿಂದೆ ಅತ್ತಿಗೆ ನೆಲದಲ್ಲಿ ಕುಸಿದು ಕೂತು, ಬಾಯಿ ತೆರೆದು ಅತ್ತರು. ಮೂರು ವರ್ಷದಲ್ಲಿ ಒಮ್ಮೆಯೂ ಅಳದವರು ಕೇರಿಗೆಲ್ಲ ಕೇಳುವಂತೆ ಅತ್ತರು. ಮೇಲಿನ ಟೀಚರ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದರು. ಅವಳು ಬಾಗಿಲು ತೆಗೆದಳು.

"ಏನಾಯ್ತು? ಯಾರಿಗೇನಾಯ್ತು?"

"ನಮ್ಮನೆಯವರು ತೀರ್ಕೊಂಡ್ರು ಟೀಚರ್," ಎಂದರು ಅತ್ತಿಗೆ.

ಟೀಚರ್ ಅವಳ ಕಡೆ ನೋಡಿದರು, ಮತ್ತೆ ಅತ್ತಿಗೆಯ ಕಡೆ ನೋಡಿದರು. "ಯಾವಾಗ?" ಎಂದರು ಮೆತ್ತಗೆ.

"ಈಗ," ಎಂದರು ಅತ್ತಿಗೆ. "ಈಗ ತಾನೇ."

ಟೀಚರ್ ಸೌಟನ್ನು ಮೆಷಿನ್ನಿನ ಮೇಲಿಟ್ಟು, ಅತ್ತಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು.